ಮನೆಯ ಹಿರಿಯರು ಬೀಳದಂತೆ ನೋಡಿಕೊಳ್ಳಲು ಯಾವುದು ಮೊದಲು, ಯಾವುದು ಆಮೇಲೆ

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಅವ್ವ ಬಚ್ಚಲಲ್ಲಿ ಬಿದ್ದಳು. ಧಾರವಾಡದ ಹೊಸಯಲ್ಲಾಪುರದಲ್ಲಿರುವ ನನ್ನ ತವರುಮನೆ ಹಳೆಯದು. ನೆಲಕ್ಕೆ ಶಹಾಬಾದ್ ಫರ್ಸಿ, ಗೇಣೆತ್ತರದ ಹೊಸ್ತಿಲುಗಳು, ಹಿತ್ತಲಿಗೆ ಇಳಿಯಲು ಮೂರು ಕಲ್ಲಿನ ಮೆಟ್ಟಿಲು, ಮಳೆಗಾಲವಿಡೀ ಅವುಗಳ ಮೇಲೆ ಪಾಚಿ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ತೊಡೆಯೆಲ್ಲ ಕಪ್ಪಾಗಿ ಎರಡು ವಾರ ಹಾಸಿಗೆ ಹಿಡಿದಳು. ಅವಳಿಗೆ 78 ವರ್ಷ. ಹಿಂದೆ ಯುಗಾದಿಯ ಹೊತ್ತಿನಲ್ಲೂ ಒಮ್ಮೆ ಬಿದ್ದಿದ್ದಳಂತೆ. ಮಕ್ಕಳು ಓಡಾಡುವುದನ್ನು ಬಿಡಿಸಿಬಿಡುತ್ತಾರೆ ಎಂಬ ಭಯಕ್ಕೆ ಯಾರಿಗೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಬಚ್ಚಲನ್ನೇ ಒಡೆದು ಹೊಸದಾಗಿ ಕಟ್ಟಿಸೋಣ ಎಂದ ಅಣ್ಣ. ಪುಣೆಯಲ್ಲಿರುವ ತಮ್ಮ ಫೋನಿನಲ್ಲೇ ವಿಟಮಿನ್ ಡಿ ಕ್ಯಾಪ್ಸೂಲ್‌ನ ಹೆಸರು ಹೇಳಿದ. ಪಕ್ಕದ ಮನೆಯವರು ವಾಕರ್ ತರಲು ಹೇಳಿದರು. ದಿನಾ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ನಡೆದಾಡಿಸಿ ಎಂದರು ಕಾಕಾ. ಅತ್ತಿಗೆ ಮಾತ್ರ ಅವ್ವನ ಕೈ ಹಿಡಿದು, "ನೀವು ಇನ್ನು ಏಳುವುದೇ ಬೇಡ, ಕುಳಿತಲ್ಲಿಗೇ ಎಲ್ಲ ತಂದುಕೊಡುತ್ತೇನೆ" ಎಂದರು. ಪ್ರೀತಿ ಎಲ್ಲರದೂ ನಿಜವಾದದ್ದೇ. ಆದರೆ ಈ ಐದು ಸಲಹೆಗಳ ಬೆಲೆ ಒಂದೇ ಅಲ್ಲ, ಅವುಗಳಲ್ಲಿ ಕೆಲವು ಕೆಡುಕನ್ನೂ ಮಾಡಬಹುದು. ನಾನು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು, ವೈದ್ಯಳಲ್ಲ. ಆ ತಿಂಗಳು ಸಂಜೆಗಳನ್ನೆಲ್ಲ ಈ ವಿಷಯದ ವೈದ್ಯಕೀಯ ಪ್ರಯೋಗಗಳನ್ನು ಓದಲು ಮೀಸಲಿಟ್ಟೆ. ಓದಿದ್ದನ್ನು ನಮ್ಮ ಕುಟುಂಬದ ಮೂವರು ಹಿರಿಯರ ಮೇಲಿಟ್ಟು ತೂಗಿ ನೋಡಿದ್ದೇನೆ: ಧಾರವಾಡದ ಅವ್ವ, ಹಾವೇರಿಯ ಚಿಕ್ಕವ್ವ, ಗದಗ-ಬೆಟಗೇರಿಯ ಮಾವನವರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ. ಅದರಲ್ಲಿ ಶೇ 80ಕ್ಕೂ ಹೆಚ್ಚು ಸಾವು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಆದರೂ ನಮ್ಮಲ್ಲಿ "ವಯಸ್ಸಾಯಿತು, ಬಿದ್ದರು" ಎಂದು ಸುಮ್ಮನಾಗುತ್ತೇವೆ. ವಯಸ್ಸು ಒಂದು ಕಾರಣ ಮಾತ್ರ. ತಡೆಯಬಹುದಾದ ಕಾರಣಗಳು ಅದರ ಹಿಂದೆಯೇ ಸಾಲುಗಟ್ಟಿರುತ್ತವೆ.

ಮದ್ದು ಯಾವುದು ಎನ್ನುವ ಮೊದಲು ಯಾರಿಗೆ ಎಂದು ಕೇಳಿ

ಓದುತ್ತ ಹೋದಂತೆ ನನಗೆ ಎದ್ದು ಕಂಡ ಸಂಗತಿ ಇದು: ಒಬ್ಬರನ್ನು ಕಾಯುವ ಉಪಾಯ ಇನ್ನೊಬ್ಬರಿಗೆ ಏನೂ ಮಾಡುವುದಿಲ್ಲ, ಮತ್ತೊಬ್ಬರನ್ನು ಬೀಳಿಸಲೂಬಹುದು. ಆದ್ದರಿಂದ ನಿಮ್ಮ ಮನೆಯವರು ಯಾವ ಮಟ್ಟದಲ್ಲಿದ್ದಾರೆ ಎಂಬುದು ಮೊದಲು ತಿಳಿಯಬೇಕು.

ಅದಕ್ಕೆ ಮೂರು ಪ್ರಶ್ನೆ ಸಾಕು. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಿಂತಾಗ, ನಡೆಯುವಾಗ ವಾಲಿದಂತೆ ಆಗುತ್ತದೆಯೇ? ಬೀಳುತ್ತೇನೆಂಬ ಭಯ ಇದೆಯೇ? ಎಲ್ಲರ ಎದುರು ಕೇಳಬೇಡಿ, ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. "ಬಿದ್ದೆ" ಎಂದು ಸುಲಭವಾಗಿ ಒಪ್ಪುವವರು ಕಡಿಮೆ. "ಕಾಲು ತಪ್ಪಿತ್ತು, ಅಷ್ಟೇ" ಎನ್ನುವವರೇ ಹೆಚ್ಚು.

ಆಮೇಲೆ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕೈ ಊರದೆ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂಡಬಲ್ಲರು ಎಂದು ಎಣಿಸಿ. ನೀವು ಪಕ್ಕದಲ್ಲೇ ನಿಂತಿರಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಳತೆಯಂತೆ 75ರಿಂದ 79ರ ಹೆಂಗಸರು 10ಕ್ಕಿಂತ ಕಡಿಮೆ ಸಲ, 70ರಿಂದ 74ರ ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಕುಂದಿದೆ ಎಂದರ್ಥ. ಅವ್ವ ಎದ್ದದ್ದು 5 ಸಲ. 74ರ ಮಾವನವರು 13 ಸಲ ಎದ್ದು, ಇನ್ನೊಮ್ಮೆ ಎಣಿಸಲು ಹೇಳಿದರು.

2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮಾಡಿದ ಮಾರ್ಗಸೂಚಿ ಹಿರಿಯರನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಅಪಾಯದ ಮಟ್ಟಗಳಲ್ಲಿ ಇಡುತ್ತದೆ. ವರ್ಷದಲ್ಲಿ ಎರಡು ಸಲ ಬಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು, ಬಿದ್ದಲ್ಲಿಂದ ತಾವಾಗಿ ಏಳಲಾರದೆ ಉಳಿದವರು, ಎಚ್ಚರ ತಪ್ಪಿ ಬಿದ್ದವರು, ತೀರ ನಿತ್ರಾಣರಾದವರು ಹೆಚ್ಚಿನ ಅಪಾಯದವರು. ಅವ್ವ ಈ ಗುಂಪಿಗೆ ಸೇರಿದವಳು. ಎಚ್ಚರ ತಪ್ಪಿ ಬಿದ್ದವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು, ಹೃದಯದ ತೊಂದರೆಯೂ ಹಾಗೆ ಬೀಳಿಸಬಲ್ಲದು.

ವ್ಯಾಯಾಮ: ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇದರದ್ದೇ

ಹೋಲಿಕೆಯಲ್ಲಿ ಯಾವುದನ್ನೂ ಇದರ ಮುಂದೆ ಇಡಲು ನನಗೆ ಸಾಧ್ಯವಾಗಲಿಲ್ಲ. ಒಂದು ವಿಷಯದ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ 25 ದೇಶಗಳ 108 ಪ್ರಯೋಗಗಳನ್ನು, 23,407 ಜನರ ವಿವರಗಳನ್ನು ಒಟ್ಟುಗೂಡಿಸಿದೆ. ಇವೆಲ್ಲ ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಿಗೆ ಹಂಚಿದ ಪ್ರಯೋಗಗಳು. ಗಟ್ಟಿಮುಟ್ಟಾದವರೇ ಒಂದು ಕಡೆ ಸೇರಿಕೊಂಡರು ಎನ್ನಲು ಆಸ್ಪದವಿಲ್ಲ. ಸಾವಿರ ಹಿರಿಯರನ್ನು ಒಂದು ವರ್ಷ ಗಮನಿಸಿದರೆ ವ್ಯಾಯಾಮವಿಲ್ಲದ ಗುಂಪಿನಲ್ಲಿ ಸುಮಾರು 850 ಬೀಳುವಿಕೆಗಳು. ವ್ಯಾಯಾಮದ ಗುಂಪಿನಲ್ಲಿ ಅದಕ್ಕಿಂತ 195 ಕಡಿಮೆ. ಅಂದರೆ ಶೇ 23ರಷ್ಟು ಇಳಿಕೆ. ಸಮತೋಲನದ ವ್ಯಾಯಾಮಕ್ಕೆ ಸ್ನಾಯು ಬಲದ ವ್ಯಾಯಾಮವನ್ನೂ ಕೂಡಿಸಿದಲ್ಲಿ ಇಳಿಕೆ ಶೇ 34.

ಆದರೆ "ವ್ಯಾಯಾಮ" ಎಂಬ ಒಂದೇ ಪದದೊಳಗೆ ಬೇರೆ ಬೇರೆ ಸಂಗತಿಗಳಿವೆ. ಕುರ್ಚಿಯಲ್ಲಿ ಕುಳಿತು ಕೈಕಾಲು ಆಡಿಸುವುದಕ್ಕೂ, ನಿಂತು ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹೊರಿಸುವುದಕ್ಕೂ ಅಜಗಜಾಂತರ. ಸಮತೋಲನಕ್ಕೆ ಸವಾಲು ಒಡ್ಡಿದ, ವಾರಕ್ಕೆ 3 ಗಂಟೆಗಿಂತ ಹೆಚ್ಚು ನಡೆದ ಕಾರ್ಯಕ್ರಮಗಳಲ್ಲಿ ಇಳಿಕೆ ಶೇ 39ಕ್ಕೆ ಏರಿತ್ತು ಎಂದು 2017ರ ಇನ್ನೊಂದು ಪರಾಮರ್ಶೆ ಹೇಳುತ್ತದೆ. ನಮ್ಮ ಆಯ್ಕೆಗಳು ಇಲ್ಲಿಂದ ಕವಲೊಡೆಯುತ್ತವೆ.

ಮೊದಲನೆಯದು ನ್ಯೂಜಿಲೆಂಡಿನ ಒಟಾಗೊ ಪದ್ಧತಿ. ಇದನ್ನು ಮನೆಯಲ್ಲೇ ಮಾಡಬೇಕು. ಕಣಕಾಲಿಗೆ ಭಾರ ಕಟ್ಟಿ ಮೊಣಕಾಲು ಚಾಚುವುದು, ತುದಿಗಾಲಲ್ಲಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ನಡೆಯುವುದು, ಅಡ್ಡ ನಡಿಗೆ, ಹಿಮ್ಮುಖ ನಡಿಗೆ. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ತರಬೇತಿ ಪಡೆದವರು ಆಗಾಗ ಬಂದು ನೋಡಿ, ಸುಲಭವಾದದ್ದನ್ನು ಕಷ್ಟವಾಗಿಸುತ್ತ ಹೋಗುತ್ತಾರೆ. ನಾಲ್ಕು ಪ್ರಯೋಗಗಳ 1,016 ಜನರನ್ನು ಒಟ್ಟಿಗೆ ನೋಡಿದಾಗ ಬೀಳುವುದೂ, ಬಿದ್ದು ಪೆಟ್ಟಾಗುವುದೂ ಶೇ 35ರಷ್ಟು ಇಳಿದಿತ್ತು. 80 ದಾಟಿದ, ಈಗಾಗಲೇ ಬಿದ್ದಿದ್ದ ಹಿರಿಯರಿಗೆ ಲಾಭ ಹೆಚ್ಚು. ಇಷ್ಟು ವಯಸ್ಸಿನಲ್ಲಿ ಇನ್ನೇನು ವ್ಯಾಯಾಮ ಎನ್ನುವವರು ಈ ಸಾಲನ್ನು ಮತ್ತೊಮ್ಮೆ ಓದಬೇಕು.

ಎರಡನೆಯದು ಸಿಡ್ನಿಯ ಲಿಂಡಿ ಕ್ಲೆಮ್ಸನ್ ಅವರ ತಂಡದ್ದು. 2012ರಲ್ಲಿ ಪ್ರಕಟವಾದ ಇದರಲ್ಲಿ 70 ದಾಟಿದ 317 ಜನರಿದ್ದರು, ಎಲ್ಲರೂ ಹಿಂದೆ ಬಿದ್ದವರೇ. ಇಲ್ಲಿ ವ್ಯಾಯಾಮಕ್ಕೆಂದು ಬೇರೆ ಹೊತ್ತಿಲ್ಲ. ದಿನದ ಕೆಲಸದೊಳಗೇ ಅದನ್ನು ಹೆಣೆಯುತ್ತಾರೆ. ಬೀಳುವಿಕೆ ಶೇ 31 ಇಳಿಯಿತು, ಬಿಡದೆ ಮುಂದುವರಿಸಿದವರೂ ಇದರಲ್ಲೇ ಹೆಚ್ಚು. ಇದನ್ನು ಓದಿದಾಗ ನನಗೆ ತವರುಮನೆಯ ಅಡುಗೆಮನೆಯೇ ಕಣ್ಣ ಮುಂದೆ ಬಂತು.

ಮೂರನೆಯದು ತಾಯ್ ಚಿ, ನಿಂತು ನಿಧಾನವಾಗಿ ಮೈ ಚಲಿಸುವ ಚೀನಾದ ವ್ಯಾಯಾಮ. ಅಮೆರಿಕದ ಆರೆಗಾನ್‌ನಲ್ಲಿ 70 ದಾಟಿದ 670 ಜನರ ಮೇಲೆ ನಡೆದು 2018ರಲ್ಲಿ ಬಂದ ಪ್ರಯೋಗದಲ್ಲಿ, ಬರೀ ಮೈ ಸಡಿಲಿಸುವ ವ್ಯಾಯಾಮಕ್ಕೆ ಹೋಲಿಸಿದರೆ ತಾಯ್ ಚಿ ಗುಂಪಿನಲ್ಲಿ ಬೀಳುವುದು ಶೇ 58 ಕಡಿಮೆ. ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಆದರೆ ಅದನ್ನು ವಾರಕ್ಕೆರಡು ಸಲ ಕಲಿಸುವ ಒಬ್ಬರು ಬೇಕು. ಧಾರವಾಡದಲ್ಲಿ ನಮಗೆ ಯಾರೂ ಸಿಗಲಿಲ್ಲ. ಅದರ ಬದಲು ಯೋಗ ಮಾಡಿಸಬಹುದೇ ಎಂದು ಹಲವರು ಕೇಳುತ್ತಾರೆ. ಗೋಡೆಯ ಪಕ್ಕ ನಿಂತು ಮಾಡುವ ತಾಡಾಸನ, ವೃಕ್ಷಾಸನ ಕಾಲಿಗೂ ಸಮತೋಲನಕ್ಕೂ ಕೆಲಸ ಕೊಡುತ್ತವೆ. ಪ್ರಾಣಾಯಾಮ ಮನಸ್ಸಿಗೆ ಎಷ್ಟೇ ಹಿತವಾದರೂ ತೊಡೆಗೆ ಬಲ ತರುವುದಿಲ್ಲ.

ಅವ್ವನಿಗೆ ನಾವು ಮೊದಲ ಎರಡನ್ನು ಬೆರೆಸಿದೆವು. ಫಿಜಿಯೋಥೆರಪಿಸ್ಟ್ ಒಬ್ಬರು ಎರಡು ತಿಂಗಳಲ್ಲಿ ನಾಲ್ಕು ಸಲ ಮನೆಗೆ ಬಂದರು. ಕಣಕಾಲಿನ ಭಾರಕ್ಕೆ ಅರ್ಧ ಕಿಲೋ ಜೋಳ ತುಂಬಿದ ಬಟ್ಟೆಯ ಚೀಲ ಹೊಲಿದೆವು. ಹಾಲು ಉಕ್ಕುವವರೆಗೆ ಅವ್ವ ಒಲೆಕಟ್ಟೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ನಿಲ್ಲುತ್ತಾಳೆ. ದಾಸವಾಳ ಕೀಳುವಾಗ ಗೋಡೆಗೆ ಒಂದು ಕೈಯಿಟ್ಟು ತುದಿಗಾಲಲ್ಲಿ ಏಳುತ್ತಾಳೆ. ಕುರ್ಚಿಯಿಂದ ಏಳುವಾಗ ಕೈ ಊರುವುದಿಲ್ಲ. ಈಗ ಅವಳ ಎಣಿಕೆ 9ಕ್ಕೆ ಬಂದಿದೆ. ಇದನ್ನು ಬರೆಯುವಾಗ ಮನಸ್ಸು ತುಂಬುತ್ತದೆ, ಆ 5 ನನಗೆ ಇನ್ನೂ ನೆನಪಿದೆ.

ಮನೆಗೆ ಕರೆಸಲು ಹಣದ ಅಡಚಣೆ ಇರುವವರು ಜಿಲ್ಲಾ ಆಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಫಿಜಿಯೋಥೆರಪಿ ವಿಭಾಗಕ್ಕೆ ಒಂದೆರಡು ಸಲ ಕರೆದುಕೊಂಡು ಹೋಗಿ, ಕಲಿಸಿದ್ದನ್ನು ಮೊಬೈಲ್‌ನಲ್ಲಿ ಚಿತ್ರಿಸಿಕೊಂಡು ಬನ್ನಿ. ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಡುವವರಿಗೆ ಚಿಗರಿ ಬಸ್ ಒಂದು ಉಪಕಾರ: ನಿಲ್ದಾಣದ ಕಟ್ಟೆಯ ಮಟ್ಟದಿಂದಲೇ ಒಳಗೆ ಕಾಲಿಡಬಹುದು, ಮೆಟ್ಟಿಲು ಹತ್ತುವ ಕಷ್ಟವಿಲ್ಲ.

ವಾಕಿಂಗ್: ಎಲ್ಲರೂ ಹೇಳುವ ಸಲಹೆ

ಕಾಕಾ ಹೇಳಿದ ಮೈದಾನದ ನಡಿಗೆಯನ್ನು ನಾನು ಒಪ್ಪಲಿಲ್ಲ, ಅವರಿಗೆ ಬೇಸರವೂ ಆಯಿತು. ನಡಿಗೆಯೊಂದರಿಂದಲೇ ಬೀಳುವುದು ಕಡಿಮೆಯಾಗುತ್ತದೆ ಎನ್ನಲು 2019ರ ಆ ದೊಡ್ಡ ಪರಾಮರ್ಶೆಗೂ ಸಾಕಷ್ಟು ಆಧಾರ ಸಿಗಲಿಲ್ಲ. 1997ರಲ್ಲಿ ಬ್ರಿಟನ್ನಿನಲ್ಲಿ ತೋಳು ಮುರಿದುಕೊಂಡಿದ್ದ 165 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ, ಬಿರುಸಾಗಿ ನಡೆಯಿರಿ ಎಂದು ಹೇಳಿಸಿಕೊಂಡ ಗುಂಪಿನವರೇ ಹೆಚ್ಚು ಬಿದ್ದರು. ಕಾಲಿನಲ್ಲಿ ಬಲವಿಲ್ಲದವರನ್ನು ಉಬ್ಬುತಗ್ಗಿನ ರಸ್ತೆಗೆ ವೇಗವಾಗಿ ಹೊರಡಿಸಿದರೆ ಇನ್ನೇನಾದೀತು? ಮೊದಲು ಬಲ, ಆಮೇಲೆ ನಡಿಗೆ. ಮಾವನವರು ದಿನಾ ತ್ರಿಕೂಟೇಶ್ವರ ಗುಡಿಯವರೆಗೆ ನಡೆಯುತ್ತಾರೆ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಅದು ಒಳ್ಳೆಯದು, ನಡೆಯಲಿ. ವಯಸ್ಸಿನಲ್ಲಿ ಕುಣಿಮಗ್ಗದಲ್ಲಿ ಕಾಲಾಡಿಸಿ ನೇಯ್ದವರು ಅವರು, ತೊಡೆಯಲ್ಲಿ ಇನ್ನೂ ಕಸುವಿದೆ. ಅದನ್ನು ಉಳಿಸಿಕೊಳ್ಳಲು ವಾರಕ್ಕೆ ಮೂರು ದಿನ ನಿಂತು ಮಾಡುವ ವ್ಯಾಯಾಮವನ್ನು ಸೇರಿಸಿಕೊಳ್ಳಿ ಎಂದು ಕೇಳಿಕೊಂಡೆ, ಒಪ್ಪಿದ್ದಾರೆ.

ಬಚ್ಚಲು, ಹೊಸ್ತಿಲು, ಹಿತ್ತಲು

ಮನೆಯ ತೊಡಕುಗಳನ್ನು ತೆಗೆಯುವುದರ ಬಗ್ಗೆ 2023ರ ಕಾಕ್ರೇನ್ ಪರಾಮರ್ಶೆ ಇದೆ: 22 ಪ್ರಯೋಗಗಳು, 8,463 ಜನ. ಒಟ್ಟಾರೆ ಬೀಳುವುದು ಶೇ 26 ಇಳಿದಿತ್ತು. ಒಳಗೆ ಇಣುಕಿ ನೋಡಿದರೆ ವಿಷಯ ಬೇರೆ. ಈಗಾಗಲೇ ಬಿದ್ದಂಥ, ಹೆಚ್ಚಿನ ಅಪಾಯದ ಹಿರಿಯರಲ್ಲಿ ಇಳಿಕೆ ಶೇ 38. ಅಂಥ ಅಪಾಯ ನೋಡದೆ ಆರಿಸಿದವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದ್ದರಿಂದ ಅವ್ವನ ಮನೆಯಲ್ಲಿ ಈ ಖರ್ಚು ಸಾರ್ಥಕ, ಬೆಟಗೇರಿಯ ಮಾವನವರ ಮನೆಯಲ್ಲಿ ಈಗ ಅವಸರವಿಲ್ಲ.

ಬಚ್ಚಲನ್ನು ಪೂರ್ತಿ ಒಡೆಯುವುದು ಬೇಡವೆಂದು ಅಣ್ಣನನ್ನು ಒಪ್ಪಿಸಿದೆ. ಹೊಳೆಯುವ ಹೊಸ ಟೈಲ್ಸ್ ಮೇಲೆ ಸೋಪಿನ ನೀರು ಬಿದ್ದರೆ ಹಳೆಯ ಒರಟು ಕಲ್ಲಿಗಿಂತ ಹೆಚ್ಚು ಜಾರುತ್ತದೆ. ಅದರ ಬದಲು ಅವ್ವ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ತುಳಸಿಕಟ್ಟೆ ಸುತ್ತಿ ಬರುವವರೆಗೆ ನಾನು ಹಿಂದೆಯೇ ನಡೆದೆ. ಎಲ್ಲಿ ಗೋಡೆ ಹಿಡಿಯುತ್ತಾಳೆ, ಎಲ್ಲಿ ತಡೆದು ನಿಲ್ಲುತ್ತಾಳೆ, ಎಲ್ಲಿ ಬಗ್ಗುತ್ತಾಳೆ ಎಂದು ಬರೆದುಕೊಂಡೆ. ಪ್ರಯೋಗಗಳಲ್ಲಿ ತರಬೇತಿ ಪಡೆದವರು ಮಾಡುವುದೂ ಇದೇ ಕೆಲಸ: ವ್ಯಕ್ತಿ ತನ್ನ ಮನೆಯಲ್ಲಿ ಓಡಾಡುವುದನ್ನು ನೋಡಿ ಬದಲಾವಣೆ ಹೇಳುತ್ತಾರೆ.

ಬಚ್ಚಲಲ್ಲಿ ಅವಳು ಕೂಡುತ್ತಿದ್ದುದು ನಾಲ್ಕು ಬೆರಳೆತ್ತರದ ಮಣೆಯ ಮೇಲೆ. ಅಲ್ಲಿಂದ ಒದ್ದೆ ಮೈಯಲ್ಲಿ ಏಳುವುದು 78ರ ಮೊಣಕಾಲಿಗೆ ಬೆಟ್ಟ ಹತ್ತಿದ ಹಾಗೆ. ಅದರ ಜಾಗಕ್ಕೆ ರಬ್ಬರ್ ಪಾದದ ಎತ್ತರದ ಸ್ಟೂಲು ಬಂತು. ಹಂಡೆಯ ಪಕ್ಕದ ಗೋಡೆಗೆ ಉಕ್ಕಿನ ಹಿಡಿಕೆ ಹಾಕಿಸಿದೆವು. ಇಲ್ಲೊಂದು ಎಚ್ಚರಿಕೆ: ಟವೆಲ್ ಹಾಕುವ ಸರಳು ಹಿಡಿಕೆಯಲ್ಲ, ಮೈಭಾರ ಬಿದ್ದರೆ ಕಿತ್ತು ಕೈಗೆ ಬರುತ್ತದೆ. ಹಳೆಯ ಮಣ್ಣಿನ ಗೋಡೆ, ಗಚ್ಚಿನ ಗೋಡೆಗಳಲ್ಲಿ ಮೇಲುಗಾರೆಗಷ್ಟೇ ತಿರುಪು ಹಾಕಿದರೂ ಅದೇ ಗತಿ. ಗೌಂಡಿ ಒಳಗಿನ ಕಲ್ಲು ಅಥವಾ ಇಟ್ಟಿಗೆಯವರೆಗೆ ಕೊರೆದು ಸಿಮೆಂಟ್ ತುಂಬಿ ಕೂರಿಸಬೇಕು. ಬಾಗಿಲಿನ ಒಳ ಚಿಲಕ ತೆಗೆಸಿ ಪರದೆ ಬಿಟ್ಟೆವು. ಒಳಗೆ ಬಿದ್ದವರು ಚಿಲಕ ತೆಗೆಯಲಾರರು, ಬಾಗಿಲು ಒಡೆಯುವಷ್ಟರಲ್ಲಿ ಹೊತ್ತು ಮೀರುತ್ತದೆ.

ಹೊಸ್ತಿಲನ್ನು ತೆಗೆಯುವ ಮಾತೆತ್ತಿದ್ದಕ್ಕೆ ಅವ್ವನ ಮುಖ ಬಾಡಿತು. ಲಕ್ಷ್ಮಿ ಬರುವ ಜಾಗ ಅದು. ತೆಗೆಯಲಿಲ್ಲ. ಅಂಚಿಗೆ ದಟ್ಟ ಹಳದಿ ಬಣ್ಣ ಬಳಿದು, ಚೌಕಟ್ಟಿಗೆ ಒಂದು ಹಿಡಿಕೆ ಹಾಕಿಸಿದೆವು. ನೆಲದ ಮೇಲೆ ಹಾಸುತ್ತಿದ್ದ ಕೌದಿಯನ್ನು ಮಂಚಕ್ಕೆ ಏರಿಸಿದೆವು; ಫರ್ಸಿಯ ಮೇಲೆ ಅದು ಜಾರುತ್ತಿತ್ತು, ಅದರ ಅಂಚು ಕಾಲಿಗೆ ತೊಡರುತ್ತಿತ್ತು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ, ಕರೆಂಟ್ ಹೋದರೆ ದಿಂಬಿನ ಪಕ್ಕ ಟಾರ್ಚ್. ಹಿತ್ತಲ ಮೆಟ್ಟಿಲಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದು ಅಣ್ಣನ ಮಗನ ಪಾಲಿನ ಕೆಲಸ.

ಮಾತ್ರೆಗಳು: ಸೇರಿಸುವುದಕ್ಕಿಂತ ತೆಗೆಯುವುದರಲ್ಲಿ ಲಾಭ

ತಮ್ಮ ಹೇಳಿದ ವಿಟಮಿನ್ ಡಿ ಕ್ಯಾಪ್ಸೂಲ್ 60,000 ಯೂನಿಟ್‌ನದು, ನಮ್ಮ ಔಷಧ ಅಂಗಡಿಗಳಲ್ಲೆಲ್ಲ ಸಿಗುವಂಥದ್ದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹಿಂದೆ ಬಿದ್ದಿದ್ದ, 70 ದಾಟಿದ 200 ಜನರ ಮೇಲೆ ಒಂದು ವರ್ಷ ನಡೆದ ಪ್ರಯೋಗದಲ್ಲಿ ಇದೇ ಅಳತೆಯನ್ನು ತಿಂಗಳಿಗೊಮ್ಮೆ ಕೊಟ್ಟಿದ್ದರು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ತಿಂಗಳಿಗೆ 60,000 ಪಡೆದವರಲ್ಲಿ ಶೇ 66.9 ಜನ ಬಿದ್ದರು, 24,000 ಪಡೆದವರಲ್ಲಿ ಶೇ 47.9. ಆಸ್ಟ್ರೇಲಿಯಾದಲ್ಲಿ 2,256 ಹೆಂಗಸರ ಪೈಕಿ ಒಂದು ಗುಂಪಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟಾಗಲೂ ಬೀಳುವುದು ಶೇ 15, ಮೂಳೆ ಮುರಿತ ಶೇ 26 ಹೆಚ್ಚಿತು. ಅದು 2010ರ ಮಾತು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಹೇಳಿದಂತೆ ತೆಗೆದುಕೊಳ್ಳಲೇಬೇಕು, ಮೂಳೆಗೆ ಅದು ಬೇಕು. ಕೊರತೆಯೇ ಇಲ್ಲದವರು ಬೀಳದಿರಲೆಂದು ನುಂಗುವುದರಲ್ಲಿ ಅರ್ಥವಿಲ್ಲ. ಅವ್ವನ ಪರೀಕ್ಷೆ ಮಾಡಿಸಿದೆವು, ಕೊರತೆ ಇತ್ತು. ಅಳತೆಯನ್ನು ವೈದ್ಯರೇ ಗೊತ್ತುಮಾಡಿದರು.

ಚಿಕ್ಕವ್ವನ ಕಥೆ ಬೇರೆ. ಚಿಕ್ಕಪ್ಪ ತೀರಿಕೊಂಡ ವರ್ಷ ನಿದ್ದೆಗೆಂದು ಬರೆದುಕೊಟ್ಟ ಮಾತ್ರೆಯನ್ನು ಅವಳು ಒಂಬತ್ತು ವರ್ಷದಿಂದ ನುಂಗುತ್ತಿದ್ದಾಳೆ. ಹಳೆಯ ಚೀಟಿ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಾರೆ. ನ್ಯೂಜಿಲೆಂಡಿನಲ್ಲಿ ಇಂಥ ಮಾತ್ರೆ ಸೇವಿಸುತ್ತಿದ್ದ 93 ಜನರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 14 ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಮಾತ್ರೆ ಇಳಿಸಿದ ಗುಂಪಿನಲ್ಲಿ ಬೀಳುವುದು ಶೇ 66 ಕಡಿಮೆಯಾಯಿತು. ಆದರೆ ಪ್ರಯೋಗ ಮುಗಿದ ತಿಂಗಳೊಳಗೆ ಮಾತ್ರೆ ಬಿಟ್ಟವರಲ್ಲಿ ಶೇ 47 ಜನ ಮತ್ತೆ ಅದನ್ನೇ ಹಿಡಿದರು. ಬಿಡುವುದು ಎಷ್ಟು ಕಷ್ಟ ಎಂಬುದು ಇದರಲ್ಲೇ ಇದೆ. ಒಮ್ಮೆಲೇ ನಿಲ್ಲಿಸುವುದು ಅಪಾಯ, ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಚಿಕ್ಕವ್ವ ಈಗ ಅರ್ಧ ಮಾತ್ರೆಗೆ ಬಂದಿದ್ದಾಳೆ. ರಾತ್ರಿ ನಿದ್ದೆ ಬಾರದಾಗ ನನಗೇ ಫೋನ್ ಮಾಡುತ್ತಾಳೆ, ಎತ್ತುತ್ತೇನೆ.

ಅವ್ವನ ವಿಷಯದಲ್ಲಿ ಬಚ್ಚಲಿನ ನೆಲದ ಮೇಲೇ ತಪ್ಪು ಹೊರಿಸಿದ್ದೆವು. ಫಿಜಿಯೋಥೆರಪಿಸ್ಟ್ ಮೊದಲ ದಿನವೇ ಅವಳ ರಕ್ತದೊತ್ತಡವನ್ನು ಮಲಗಿಸಿ ಅಳೆದು, ನಿಲ್ಲಿಸಿ ಮತ್ತೆ ಅಳೆದರು. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದು ತೊಂದರೆಯ ಗುರುತು. ಅವ್ವನದು 26 ಇಳಿಯಿತು. ಆಗ ಹೊಳೆಯಿತು: ಬಿದ್ದ ದಿನ ಶ್ರಾವಣ ಸೋಮವಾರದ ಉಪವಾಸ. ಹೊಟ್ಟೆಗೆ ಏನೂ ಇಲ್ಲದೆ ಬಿಪಿ ಮಾತ್ರೆ ನುಂಗಿ, ಬಿಸಿನೀರು ಮೈಮೇಲೆ ಸುರಿದುಕೊಂಡು ಮಣೆಯಿಂದ ಎದ್ದಿದ್ದಳು. "ಕಣ್ಣು ಕತ್ತಲೆ ಬಂದಂತಾಯಿತು" ಎಂದು ಅವತ್ತೇ ಹೇಳಿದ್ದಳು, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ವೈದ್ಯರು ಮಾತ್ರೆಯ ಹೊತ್ತನ್ನೂ ಅಳತೆಯನ್ನೂ ಬದಲಿಸಿದರು. ಉಪವಾಸದ ದಿನ ಹಾಲು, ಬಾಳೆಹಣ್ಣು ಆದ ಮೇಲೇ ಸ್ನಾನ ಎಂದು ಅವ್ವ ತಾನೇ ನೇಮ ಮಾಡಿಕೊಂಡಳು. ನೀವು ಇದೊಂದನ್ನಾದರೂ ಈ ವಾರ ಮಾಡಿಸಿ: ಕುಳಿತಾಗ ಮಾತ್ರ ಅಳೆದ ಬಿಪಿ ಅರ್ಧ ಮಾತನ್ನಷ್ಟೇ ಹೇಳುತ್ತದೆ.

ಹಾಲಿನ ಬಗ್ಗೆ ಚಿಕ್ಕ ಮಾತು. ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳ 7,195 ಜನರ ಮೇಲೆ ಎರಡು ವರ್ಷ ನಡೆದ, 2021ರಲ್ಲಿ ಬಂದ ಪ್ರಯೋಗದಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದಾಗ ಬೀಳುವುದು ಶೇ 11, ಸೊಂಟದ ಮೂಳೆ ಮುರಿತ ಶೇ 46 ಇಳಿಯಿತು. ಅಲ್ಲಿನವರು ಮೊದಲು ಕಡಿಮೆ ಹಾಲು ಕುಡಿಯುತ್ತಿದ್ದವರು. ಮನೆಮಂದಿಗೆಲ್ಲ ಬಡಿಸಿ, ತಳದಲ್ಲಿ ಉಳಿದ ಮೊಸರಿಗೆ ನೀರು ಬೆರೆಸಿ ಉಣ್ಣುವ ನಮ್ಮ ಅವ್ವಂದಿರೂ ಅಂಥವರೇ.

ಕಣ್ಣು

ಇಲ್ಲಿ ಆಯ್ಕೆ ಸುಲಭ, ಆದರೂ ಜನ ಮುಂದೂಡುತ್ತಾರೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ 306 ಹೆಂಗಸರಲ್ಲಿ ಮೊದಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಬೇಗ ಮಾಡಿಸಿಕೊಂಡವರು, ಸರದಿ ಕಾಯ್ದವರಿಗಿಂತ ಶೇ 34 ಕಡಿಮೆ ಬಿದ್ದರು. ಚಿಕ್ಕವ್ವನ ಎರಡೂ ಕಣ್ಣಿನಲ್ಲಿ ಪೊರೆ ಇದೆ, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗಲೂ ತಡಕಾಡುತ್ತಾಳೆ. ದೀಪಾವಳಿ ಆಗಲಿ ಎನ್ನುತ್ತಿದ್ದವಳಿಗೆ ನಾನು ಆ ಸಂಖ್ಯೆ ತೋರಿಸಿದೆ. ದಸರೆಗೆ ಮೊದಲೇ ಒಂದು ಕಣ್ಣಿನದು ಆಗಲಿದೆ.

ಹೊಸ ಕನ್ನಡಕ ಹಾಗಲ್ಲ. ಸಿಡ್ನಿಯಲ್ಲಿ ನಿತ್ರಾಣರಾದ 616 ಹಿರಿಯರ ಪೈಕಿ ಕಣ್ಣು ತೋರಿಸಿ ಹೊಸ ಕನ್ನಡಕ, ಚಿಕಿತ್ಸೆ ಪಡೆದ ಗುಂಪಿನಲ್ಲಿ ಬೀಳುವುದು ಶೇ 57 ಹೆಚ್ಚಿತು. ಗಾಜಿನ ಅಳತೆ ಒಮ್ಮೆಲೇ ಬದಲಾದರೆ ಮೆಟ್ಟಿಲು ಇದ್ದಲ್ಲಿ ಕಾಣುವುದಿಲ್ಲ. ಹೊಸ ಕನ್ನಡಕ ಬಂದ ಮೊದಲ ವಾರಗಳಲ್ಲಿ ಜೊತೆಗಿರಿ. ಕೆಳಭಾಗದಲ್ಲಿ ಓದುವ ಗಾಜಿರುವ ಕನ್ನಡಕದಲ್ಲಿ ಮೆಟ್ಟಿಲು ಮಸುಕಾಗುತ್ತದೆ. ಹೆಚ್ಚು ಹೊರಗೆ ಓಡಾಡುವವರಿಗೆ ದೂರ ನೋಡುವ ಬೇರೆ ಕನ್ನಡಕ ಒಳ್ಳೆಯದು. ಇನ್ನೊಂದು ಪ್ರಯೋಗದಲ್ಲಿ ಅಂಥವರು ಸುಮಾರು ಶೇ 40 ಕಡಿಮೆ ಬಿದ್ದರು. ಮನೆಯಲ್ಲೇ ಇರುವವರಿಗೆ ಈ ಬದಲಾವಣೆ ಬೇಡ, ಅವರು ಹೊರಗೆ ಬೀಳುವುದು ಇದರಿಂದ ಹೆಚ್ಚಿತ್ತು.

ಕೋಲು, ವಾಕರ್, ಮತ್ತು ಕುಳಿತಲ್ಲಿಗೇ ಊಟ

ವಾಕರ್ ಅನ್ನು ಗೇಣೆತ್ತರದ ಹೊಸ್ತಿಲಿರುವ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಎತ್ತಿ ದಾಟಿಸಬೇಕು. ನಮಗೆ ಹೊಂದಲಿಲ್ಲ. ಊರುಗೋಲು ತಂದೆವು. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಕೋಲಿನ ಹಿಡಿ ಬರಬೇಕು. ನೋಯುವ ಕಾಲು ಎಡಗಾಲಾದರೆ ಕೋಲು ಬಲಗೈಯಲ್ಲಿ. ತಿರುವುಮುರುವಾಗಿ ಹಿಡಿದವರೇ ನಮ್ಮಲ್ಲಿ ಹೆಚ್ಚು. ತುದಿಯ ರಬ್ಬರ್ ಸವೆದರೆ ಬದಲಿಸಿ. ಕೋಲು ಆಸರೆ ಕೊಡುತ್ತದೆ, ಬಲ ಕೊಡುವುದಿಲ್ಲ.

ಅತ್ತಿಗೆಯ ಮಾತಿಗೆ ಉತ್ತರ ಹೇಳುವುದೇ ಕಷ್ಟವಾಯಿತು, ಏಕೆಂದರೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಅಕ್ಕರೆ ಇತ್ತು. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಾದ 12 ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದಾಗ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತು. ಹತ್ತೇ ದಿನ! ಅವ್ವ ಎರಡು ವಾರ ಮಲಗಿದ್ದಳು. ನಾನು ಅತ್ತಿಗೆಯ ಮುಂದೆ ಆ ಸಂಖ್ಯೆಯನ್ನಷ್ಟೇ ಇಟ್ಟೆ. ಮರುದಿನದಿಂದ ಚಹಾ ಲೋಟ ಮಂಚಕ್ಕೆ ಬರುವುದು ನಿಂತಿತು. ಅವ್ವ ಅಡುಗೆಮನೆಗೆ ನಡೆದು ಬರುತ್ತಾಳೆ, ಅತ್ತಿಗೆ ಎರಡು ಹೆಜ್ಜೆ ಹಿಂದೆ ಇರುತ್ತಾರೆ.

ಎಲ್ಲವನ್ನೂ ಒಟ್ಟಿಗೆ ಮಾಡಿದರೆ?

ಹಾಗೆಯೇ ಮಾಡಿದ ಎರಡು ದೊಡ್ಡ ಪ್ರಯೋಗಗಳು 2020ರಲ್ಲಿ ಬಂದವು. ಅಮೆರಿಕದ 86 ಚಿಕಿತ್ಸಾಲಯಗಳಲ್ಲಿ 5,451 ಜನರಿಗೆ, ದಾದಿಯರ ನೆರವಿನಿಂದ ಪ್ರತಿಯೊಬ್ಬರ ಅಪಾಯ ಗುರುತಿಸಿ ಪರಿಹಾರ ಸೂಚಿಸಿದರು. ಗಂಭೀರ ಪೆಟ್ಟುಗಳು ಶೇ 8ರಷ್ಟು ಕಡಿಮೆ ಕಂಡರೂ ಅದು ಖಚಿತ ಎನ್ನುವಷ್ಟಿರಲಿಲ್ಲ. ಬ್ರಿಟನ್ನಿನ 9,803 ಜನರಲ್ಲಿ ಮೂಳೆ ಮುರಿತ ಇಳಿಯಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು. ಬೀಳುವುದನ್ನು ಕಡಿಮೆ ಮಾಡಬಹುದೆಂಬುದು ಸಿದ್ಧವಾಗಿದೆ, ಮೂಳೆ ಮುರಿತವನ್ನು ತಡೆಯುವುದು ಇನ್ನೂ ಕಠಿಣ ಎಂಬುದನ್ನು ಒಪ್ಪಬೇಕು. ಸಲಹೆಯ ಪಟ್ಟಿ ಎಷ್ಟೇ ಉದ್ದವಿದ್ದರೂ ವಾರವಾರವೂ ಯಾರಾದರೂ ಪಕ್ಕದಲ್ಲಿ ನಿಂತು ಮಾಡಿಸದಿದ್ದರೆ ಅದು ಹಾಳೆಯಲ್ಲೇ ಉಳಿಯುತ್ತದೆ ಎಂದೇ ನನ್ನ ತಿಳಿವಳಿಕೆ. ಮೂಳೆ ಸವೆದವರಿಗೆ, ಒಮ್ಮೆ ಸೊಂಟ ಮುರಿದುಕೊಂಡವರಿಗೆ ಮೂಳೆ ಗಟ್ಟಿ ಮಾಡುವ ಔಷಧ ಬೇರೆಯೇ ಬೇಕು. ಸೊಂಟದ ಶಸ್ತ್ರಚಿಕಿತ್ಸೆ ಆದವರಲ್ಲಿ ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರೋನಿಕ್ ಆಮ್ಲ ಹೊಸ ಮುರಿತಗಳನ್ನು ಶೇ 35 ಇಳಿಸಿತೆಂದು 2007ರ ಪ್ರಯೋಗ ತೋರಿಸಿದೆ. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಡುವಾಗ ವೈದ್ಯರನ್ನು ಇದರ ಬಗ್ಗೆ ಕೇಳಿ.

ಕೈಯಲ್ಲಿ ಹಣವೂ ಹೊತ್ತೂ ಕಡಿಮೆ ಇದ್ದರೆ ನನ್ನ ಕ್ರಮ ಹೀಗೆ. ಈಗಾಗಲೇ ಬಿದ್ದವರಿಗೆ: ನಿಲ್ಲಿಸಿ ಅಳೆದ ಬಿಪಿ ಮತ್ತು ಮಾತ್ರೆಗಳ ಪರಿಶೀಲನೆ ಮೊದಲು, ಅದೇ ವಾರದಲ್ಲಿ ಬಚ್ಚಲಿನ ಹಿಡಿಕೆ, ಸ್ಟೂಲು, ದೀಪ, ನೋವು ಇಳಿದ ಕೂಡಲೇ ವ್ಯಾಯಾಮ. ಬೀಳದವರಿಗೆ ವ್ಯಾಯಾಮವೊಂದೇ ಸಾಕು. ಪೊರೆ ಇದ್ದರೆ ಇಬ್ಬರೂ ಕಾಯಬಾರದು.

ಪ್ರಯೋಗಗಳಲ್ಲಿ ಬೀಳುವುದನ್ನು ಎಣಿಸಲು ಜನರಿಗೆ ತಿಂಗಳ ಕ್ಯಾಲೆಂಡರ್ ಹಾಳೆ ಕೊಟ್ಟು, ದಿನದಿನವೂ ಗುರುತು ಹಾಕಿಸುತ್ತಾರೆ. ನಾವೂ ಹಾಗೆ ಮಾಡಿದೆವು. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಅವ್ವ ವ್ಯಾಯಾಮ ಮಾಡಿದ ದಿನ ಒಂದು ಚುಕ್ಕೆ ಇಡುತ್ತಾಳೆ, ವಾಲಿದ ದಿನ ಒಂದು ಗೆರೆ. ಹೇಳದೆ ಮುಚ್ಚಿಡುತ್ತಿದ್ದವಳು ಈಗ ತಾನೇ ಬರೆಯುತ್ತಾಳೆ. ಈ ತಿಂಗಳು ಹದಿನಾಲ್ಕು ಚುಕ್ಕೆ, ಒಂದು ಗೆರೆ. ಗೆರೆಯ ಪಕ್ಕದಲ್ಲಿ ಪೆನ್ಸಿಲಿನಿಂದ "ಹಿತ್ತಲ ಮೂರನೆಯ ಮೆಟ್ಟಿಲು" ಎಂದು ಬರೆದಿದ್ದಾಳೆ. ಶುಕ್ರವಾರ ಗೌಂಡಿ ಬರುತ್ತಾನೆ, ಅಲ್ಲಿಗೊಂದು ಕಬ್ಬಿಣದ ಕಂಬಿ ಹಾಕಿಸಬೇಕು.